ಬಿಸಿಲಿಗಂಜುವ ಮಕ್ಕಳೂ ನಮ್ಮ ಕಥೆಗಳೂ

ರಾಮನಗರ ತಾಲ್ಲೂಕಿನ ಕೈಲಾಂಚದಲ್ಲಿ ನಮ್ಮ ಬಂಧುಗಳೊಬ್ಬರ ಮನೆಯಿದೆ. ಮುಂದೆ ಹಿಪ್ಪುನೇರಳೆ ತೋಟ, ಹಿತ್ತಿಲಲ್ಲಿ ಹುಳು ಮನೆ. ಹುಳು ಹಣ್ಣಾಗಿ ಚಂದ್ರಿಕೆ ಹತ್ತಿದ ಮೇಲೆ ಎರಡು ಮೂರು ದಿನ ಆ ಮನೆಯವರಿಗೆ ಸೊಪ್ಪು ಕೊಯ್ಯುವ ಕೆಲಸವಿರುವುದಿಲ್ಲ. ಅಂಥ ಒಂದು ರಾತ್ರಿ ಇಶಾ ನಮಾಜು ಮುಗಿಸಿ ಊಟಕ್ಕೆ ಕುಳಿತಿದ್ದಾಗ ಮನೆಯ ಹುಡುಗರು ಟಿವಿಯಲ್ಲಿ ಇಂಗ್ಲಿಷ್ ಸಿನಿಮಾವೊಂದನ್ನು ಹಾಕಿದರು. 2018ರಲ್ಲಿ ಬಂದ ‘ಮಿಡ್‌ನೈಟ್ ಸನ್’. ಬಿಸಿಲು ತಾಗಬಾರದ ಕಾಯಿಲೆಯಿರುವ ಒಬ್ಬ ಹುಡುಗಿಯ ಕಥೆ. ಹಗಲೆಲ್ಲ ಅವಳು ಮನೆಯೊಳಗೆ, ವಿಶೇಷ ಗಾಜಿನ ಕಿಟಕಿಯ ಹಿಂದೆ. ರಾತ್ರಿಯಾದರೆ ಗಿಟಾರ್ ಹಿಡಿದು ರೈಲು ನಿಲ್ದಾಣಕ್ಕೆ. ಕಿಟಕಿಯಿಂದ ವರ್ಷಗಟ್ಟಲೆ ನೋಡುತ್ತ ಬಂದ ಹುಡುಗನೊಂದಿಗೆ ಅಲ್ಲಿ ಪರಿಚಯ, ಪ್ರೀತಿ. ಒಂದು ರಾತ್ರಿ ಇಬ್ಬರಿಗೂ ಹೊತ್ತು ಹೋದದ್ದು ತಿಳಿಯುವುದಿಲ್ಲ. ಸೂರ್ಯ ಹುಟ್ಟಿಬಿಡುತ್ತಾನೆ. ಅಲ್ಲಿಂದ ಮುಂದೆ ಅವಳ ಸಾವಿನವರೆಗೆ ಸಿನಿಮಾ ಕಣ್ಣೀರಿನಲ್ಲಿ ನಡೆಯುತ್ತದೆ.

ಮನೆಯ ಹಿರಿಯರಾದ ಖಾಲಾ ಹುಡುಗರಿಂದ ಅರ್ಥ ಕೇಳಿಕೊಳ್ಳುತ್ತ ಕೊನೆಯವರೆಗೂ ನೋಡಿದರು. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದಾಗ ಅವರು ಕೇಳಿದ್ದು ಒಂದೇ ಮಾತು: “ಇಸ್ಕಾ ಬಾವಾ ಕಾಮ್‌ಕು ಕಬ್ ಜಾತಾ?” ಇವಳ ಅಪ್ಪ ಕೆಲಸಕ್ಕೆ ಹೋಗುವುದು ಯಾವಾಗ?

ಹುಡುಗರು ನಕ್ಕರು, ನಾವೂ ನಕ್ಕೆವು. ಆದರೆ ಮಲಗುವ ಹೊತ್ತಿಗೆ ಆ ನಗು ಉಳಿದಿರಲಿಲ್ಲ. ನಾವು ಕಥೆ ಬರೆಯುವವರು. ಒಂದು ಕಥೆಯನ್ನು ಅಳೆಯಲು ಬೇಕಾದ ಪ್ರಶ್ನೆಯನ್ನು ಓದು ಬರಹ ಕಲಿಯದ ಒಬ್ಬ ಹೆಂಗಸು ಅನ್ನದ ತಟ್ಟೆಯ ಮುಂದೆ ಕುಳಿತು ಕೇಳಿದ್ದರು. ಕಾಯಿಲೆಯ ಮಗುವಿರುವ ಮನೆಯಲ್ಲಿ ದುಡಿಯುವವರು ಯಾರು, ಕಾಯುವವರು ಯಾರು? ಈ ಕಾಯಿಲೆಯ ಬಗ್ಗೆ ಬಂದಿರುವ ಸಿನಿಮಾ, ಕಾದಂಬರಿಗಳನ್ನು ಈ ಒಂದು ಪ್ರಶ್ನೆ ಹಿಡಿದು ಮತ್ತೆ ನೋಡಬೇಕೆನಿಸಿತು. ಈ ಬರಹ ಆ ಪ್ರಯತ್ನ.

ಮೊದಲು ಕಾಯಿಲೆಯ ಮಾತು. ಅದರ ಹೆಸರು ಕ್ಸೀರೋಡರ್ಮಾ ಪಿಗ್ಮೆಂಟೋಸಮ್. ವೈದ್ಯರು ಚಿಕ್ಕದಾಗಿ ಎಕ್ಸ್‌ಪಿ ಎನ್ನುತ್ತಾರೆ. ಒಣಗಿದ, ಮಚ್ಚೆಗಟ್ಟಿದ ಚರ್ಮ ಎಂಬುದು ಆ ಹೆಸರಿನ ಅರ್ಥ. ವಿಯೆನ್ನಾದ ಚರ್ಮವೈದ್ಯ ಮೋರಿಟ್ಸ್ ಕಪೋಸಿ ಇದನ್ನು ಮೊದಲು ಬರೆದಿಟ್ಟದ್ದು 1874ರಲ್ಲಿ. ಕಾರಣ ತಿಳಿಯಲು ಸುಮಾರು ನೂರು ವರ್ಷ ಬೇಕಾಯಿತು. ಜೇಮ್ಸ್ ಕ್ಲೀವರ್ ಎಂಬ ವಿಜ್ಞಾನಿ 1968ರಲ್ಲಿ ತೋರಿಸಿದ್ದೇನೆಂದರೆ, ಈ ರೋಗಿಗಳ ಜೀವಕೋಶಗಳಿಗೆ ಬಿಸಿಲಿನಿಂದಾದ ಹಾನಿಯನ್ನು ಸರಿಪಡಿಸಿಕೊಳ್ಳುವ ಶಕ್ತಿಯಿಲ್ಲ ಎಂಬುದು.

ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ನಮ್ಮೆಲ್ಲರ ಚರ್ಮದ ಡಿಎನ್ಎಯನ್ನೂ ಕೆಡಿಸುತ್ತವೆ. ಪಕ್ಕಪಕ್ಕದ ಎರಡು ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಬರಹ ಓದಲಾರದಂತಾಗುತ್ತದೆ. ರಾಮನಗರದ ಬಿಚ್ಚಾಣಿಕೆ ಮನೆಗಳಲ್ಲಿ ರೀಲರ್‌ಗಳು ಮಾಡುವ ಕೆಲಸ ನೋಡಿದವರಿಗೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ಓಡುತ್ತಿರುವ ನೂಲಿನಲ್ಲಿ ಗಂಟು ಬಿದ್ದರೆ ಅಷ್ಟು ಭಾಗ ಕತ್ತರಿಸಿ ಮತ್ತೆ ಕೂಡಿಸುತ್ತಾರೆ. ನಮ್ಮ ಜೀವಕೋಶವೂ ಕೆಟ್ಟ ಜಾಗದ ಸುತ್ತಿನ ಸುಮಾರು 30 ಅಕ್ಷರಗಳಷ್ಟು ತುಂಡನ್ನು ಕತ್ತರಿಸಿ ತೆಗೆದು, ಎದುರಿನ ಎಳೆಯನ್ನು ನೋಡಿ ಅದನ್ನು ಹೊಸದಾಗಿ ಬರೆದುಕೊಳ್ಳುತ್ತದೆ. ಹಗಲಿಡೀ ಇದು ನಮಗೆ ಗೊತ್ತಿಲ್ಲದೆ ನಡೆಯುತ್ತದೆ. ಎಕ್ಸ್‌ಪಿ ಇರುವವರಲ್ಲಿ ಈ ರಿಪೇರಿ ನಡೆಯುವುದಿಲ್ಲ, ಅಥವಾ ಅರೆಬರೆ ನಡೆಯುತ್ತದೆ. ಎಂಟು ವಂಶವಾಹಿಗಳಲ್ಲಿ ಯಾವುದಾದರೊಂದು ಎರಡೂ ಕಡೆಯಿಂದ, ಅಂದರೆ ತಾಯಿಯಿಂದಲೂ ತಂದೆಯಿಂದಲೂ, ಕೆಟ್ಟು ಬಂದಿದ್ದರೆ ಹೀಗಾಗುತ್ತದೆ. ತಾಯಿ ತಂದೆಗೆ ಯಾವ ತೊಂದರೆಯೂ ಕಾಣಿಸುವುದಿಲ್ಲ. ಅವರಿಗೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ.

ಎರಡು ವರ್ಷ ತುಂಬುವ ಮೊದಲೇ ಮಗುವಿನ ಮುಖ, ಕೈ, ಕತ್ತಿನ ಮೇಲೆ ಕಂದು ಮಚ್ಚೆಗಳು ಮೂಡುತ್ತವೆ. ಕೆಲವು ಮಕ್ಕಳಿಗೆ ಸ್ವಲ್ಪ ಬಿಸಿಲಿಗೇ ಬೊಬ್ಬೆ ಏಳುತ್ತದೆ. ಸುಮಾರು ಅರ್ಧದಷ್ಟು ಮಕ್ಕಳಿಗೆ ಹಾಗಾಗುವುದಿಲ್ಲ, ಬರಿಯ ಮಚ್ಚೆಗಳು. ಬೆಳಕಿಗೆ ಕಣ್ಣು ಬಿಡಲಾಗುವುದಿಲ್ಲ. ಕಾಪಾಡಿಕೊಳ್ಳದಿದ್ದರೆ ಹತ್ತು ವರ್ಷದೊಳಗೇ ಚರ್ಮದ ಕ್ಯಾನ್ಸರ್ ಬರಬಹುದು. 20 ವರ್ಷದೊಳಗಿನ ಎಕ್ಸ್‌ಪಿ ರೋಗಿಗಳಿಗೆ ಸಾಮಾನ್ಯ ಬಗೆಯ ಚರ್ಮದ ಕ್ಯಾನ್ಸರ್ ಬರುವ ಸಾಧ್ಯತೆ ಇತರರಿಗಿಂತ ಸುಮಾರು 10,000 ಪಟ್ಟು ಹೆಚ್ಚು. ನಾಲಿಗೆಯ ತುದಿಗೂ ಬರುತ್ತದೆ, ಅಲ್ಲಿಗೂ ಬಿಸಿಲು ತಲುಪುತ್ತದೆಯಲ್ಲ. ನಾಲ್ಕರಲ್ಲೊಬ್ಬರಿಗೆ ನರಗಳೂ ಸವೆಯುತ್ತವೆ. ಕಿವಿ, ನಡಿಗೆ, ಮಾತು ಒಂದೊಂದಾಗಿ ಕುಂದುತ್ತವೆ. ಅಮೆರಿಕದಲ್ಲಿ ಹತ್ತು ಲಕ್ಷಕ್ಕೊಬ್ಬರಿಗಿರುವ ಈ ಕಾಯಿಲೆ ಜಪಾನಿನಲ್ಲಿ ಸುಮಾರು 22,000 ಜನರಲ್ಲಿ ಒಬ್ಬರಿಗಿದೆ.

ಇದಿಷ್ಟು ತಿಳಿದ ಮೇಲೆ ‘ಮಿಡ್‌ನೈಟ್ ಸನ್’ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ನಾಯಕಿಯ ಮುಖ. ಅದರ ಮೇಲೆ ಒಂದು ಮಚ್ಚೆಯೂ ಇಲ್ಲ. ಚರ್ಮದ ಕಾಯಿಲೆಯ ಸಿನಿಮಾದಲ್ಲಿ ಚರ್ಮವೇ ಇಲ್ಲ. ಎರಡನೆಯದು ಆ ಸೂರ್ಯೋದಯ. ಹುಡುಗಿ ಓಡೋಡಿ ಮನೆ ಸೇರುವಷ್ಟರಲ್ಲಿ ಮೊದಲ ಕಿರಣ ತಾಗುತ್ತದೆ, ಅಲ್ಲಿಂದ ಅವಳ ಮಿದುಳು ಕುಗ್ಗಲು ಶುರುವಾಗುತ್ತದೆ. ವೈದ್ಯಶಾಸ್ತ್ರದ ಪ್ರಕಾರ ಇದು ತಲೆಕೆಳಗು. ದಿನದಲ್ಲಿ ನೇರಳಾತೀತ ಕಿರಣಗಳು ತೀರ ಕಡಿಮೆ ಇರುವುದೇ ಸೂರ್ಯ ಹುಟ್ಟುವಾಗ ಮತ್ತು ಮುಳುಗುವಾಗ. ಹಾಗೆಂದು ಆಗ ಮಗುವನ್ನು ಹೊರಗೆ ಬಿಡಬಹುದೆಂದಲ್ಲ. ಕೊಲ್ಲುವುದು ಮಾತ್ರ ಒಂದು ಬೆಳಗಲ್ಲ. ದಿನದಿನದ ಮಧ್ಯಾಹ್ನಗಳು ಸಣ್ಣ ಸಾಲದ ಬಡ್ಡಿಯಂತೆ ಸೇರುತ್ತ ಹೋಗಿ ಕೊಲ್ಲುತ್ತವೆ. ನರಗಳ ಸವೆತವಂತೂ ಒಂದು ಸಲದ ಬಿಸಿಲಿನಿಂದ ಆರಂಭವಾಗುವುದಲ್ಲ.

ಈ ತಪ್ಪನ್ನು ಹಿಡಿದು ನಾವು ವಿಜ್ಞಾನದ ಮೇಷ್ಟರಾಗಲು ಹೊರಟಿಲ್ಲ. ಕಥೆಗೆ ಸ್ವಾತಂತ್ರ್ಯ ಬೇಕು, ಒಪ್ಪುತ್ತೇವೆ. ಆದರೆ ಈ ತಪ್ಪಿಗೊಂದು ಫಲವಿದೆ. ಕಾಯಿಲೆಯನ್ನು ಒಂದು ಗಳಿಗೆಯ ವಿಧಿಯಾಗಿ ಮಾಡಿದೊಡನೆ ದಿನದಿನದ ಎಚ್ಚರಕ್ಕೆ ಬೆಲೆಯಿಲ್ಲದಂತಾಗುತ್ತದೆ. ಹೇಗೂ ಒಂದು ದಿನ ಸೂರ್ಯ ಹುಟ್ಟುತ್ತಾನೆ, ಹುಡುಗಿ ಸಾಯುತ್ತಾಳೆ, ನಾವು ಅಳುತ್ತೇವೆ. ಮಗುವಿನ ತೋಳಿಗೆ ಬಟ್ಟೆ ಹೊಲಿಯುವ, ಕಿಟಕಿಗೆ ಪರದೆ ಕಟ್ಟುವ, ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದೊಯ್ಯುವ ತಾಯಿಗೆ ಆ ಕಥೆಯಲ್ಲಿ ಕೆಲಸವಿಲ್ಲ. ‘ಮಿಡ್‌ನೈಟ್ ಸನ್’ನಲ್ಲಂತೂ ತಾಯಿ ಕಥೆ ಆರಂಭವಾಗುವ ಮುನ್ನವೇ ತೀರಿಕೊಂಡಿದ್ದಾಳೆ. ಖಾಲಾ ಕೇಳಿದ ಪ್ರಶ್ನೆಗೆ ಸಿನಿಮಾದಲ್ಲಿ ಉತ್ತರವಿಲ್ಲದ್ದು ಅದಕ್ಕೇ.

ಈ ಅಮೆರಿಕನ್ ಸಿನಿಮಾಕ್ಕೆ ಮೂಲ 2006ರ ಜಪಾನಿ ಸಿನಿಮಾ ‘ತಾಯೋ ನೋ ಉತಾ’, ಸೂರ್ಯನ ಹಾಡು ಎಂದು ಅದರ ಅರ್ಥ. ಕೊಯಿಝುಮಿ ನೊರಿಹಿರೊ ನಿರ್ದೇಶಕ, ಯುಯಿ ಎಂಬ ಗಾಯಕಿ ನಾಯಕಿ. ಕಥೆಯ ಎಲುಬು ಒಂದೇ. ಆದರೆ ಅಲ್ಲಿ ಹುಡುಗಿಯ ಕೈ ಮೆಲ್ಲಮೆಲ್ಲನೆ ಸ್ವಾಧೀನ ತಪ್ಪುತ್ತದೆ, ಗಿಟಾರ್ ನುಡಿಸಲಾಗದಂತಾಗುತ್ತದೆ. ಜಪಾನಿನಲ್ಲಿ ಹೆಚ್ಚಾಗಿ ಕಾಣುವುದು ನರಗಳನ್ನು ಸವೆಸುವ ಬಗೆಯೇ ಆದ್ದರಿಂದ ಆ ಊರಿನ ಜನಕ್ಕೆ ಗೊತ್ತಿದ್ದ ಸಂಕಟ ಅದರಲ್ಲಿ ಉಳಿದುಕೊಂಡಿದೆ. ಅದೇ ಕಥೆ ಅಮೆರಿಕಕ್ಕೆ ಹೋದಾಗ ಪ್ರೇಮ ಬೆಳೆಯಿತು, ಸಂಕಟ ತೆಳುವಾಯಿತು. ಎರಡರಲ್ಲೂ ಮಚ್ಚೆಯಿಲ್ಲ, ಆ ಮಾತು ಬೇರೆ.

2001ರ ‘ದಿ ಅದರ್ಸ್’ ಸಿನಿಮಾದಲ್ಲಿ ಬೆಳಕು ತಾಗಬಾರದ ಇಬ್ಬರು ಮಕ್ಕಳಿದ್ದಾರೆ. ಒಂದು ಬಾಗಿಲು ಮುಚ್ಚದೆ ಇನ್ನೊಂದು ತೆರೆಯುವಂತಿಲ್ಲ ಎಂಬ ತಾಯಿಯ ನಿಯಮ ಮನಸ್ಸಿನಲ್ಲಿ ನಿಲ್ಲುತ್ತದೆ. ಆದರೆ ಅಲ್ಲಿ ಕಾಯಿಲೆ ಬಂದಿರುವುದು ದೆವ್ವದ ಕಥೆಗೆ ಕತ್ತಲೆ ಒದಗಿಸಲು. ಡೀನ್ ಕೂಂಟ್ಸ್‌ನ 1998ರ ಕಾದಂಬರಿ ‘ಫಿಯರ್ ನಥಿಂಗ್’ನ ನಾಯಕನಿಗೆ ಎಕ್ಸ್‌ಪಿ ಇದೆ. ಅದು ಪತ್ತೇದಾರಿ ಮತ್ತು ಭಯದ ಕಾದಂಬರಿ, ಘನವಾದದ್ದೇನೂ ಅಲ್ಲ. ಆದರೂ ಅದರಲ್ಲೊಂದು ಒಳ್ಳೆಯತನವಿದೆ. ನಾಯಕನಿಗೆ 28 ವರ್ಷ. ಗೆಳೆಯರಿದ್ದಾರೆ, ಬರವಣಿಗೆಯ ಕೆಲಸವಿದೆ, ರಾತ್ರಿಯ ಊರನ್ನು ಅವನಷ್ಟು ಬಲ್ಲವರಿಲ್ಲ. ಕಾಯಿಲೆಯೊಂದಿಗೆ ದೊಡ್ಡವನಾಗಿ ಬದುಕುವ ಮನುಷ್ಯನೊಬ್ಬ ಇರಬಹುದೆಂದು ಆ ಜನಪ್ರಿಯ ಲೇಖಕನಿಗೆ ಹೊಳೆದಿತ್ತು. ಕಣ್ಣೀರಿನ ಸಿನಿಮಾಗಳಿಗೆ ಅದು ಹೊಳೆಯಲಿಲ್ಲ.

ಎರಡು ಕೃತಿಗಳ ಬಗ್ಗೆ ಗೌರವದಿಂದ ಮಾತಾಡಬೇಕು. ಒಂದು, 2011ರ ಫ್ರೆಂಚ್ ಸಿನಿಮಾ ‘ಲಾ ಪೆರ್ಮಿಸಿಯೊಂ ದ ಮಿನುಯಿ’. ನಿರ್ದೇಶಕಿ ಡೆಲ್ಫೀನ್ ಗ್ಲೇಜ್. 13 ವರ್ಷದ ಹುಡುಗ, ಅವನನ್ನು ಚಿಕ್ಕಂದಿನಿಂದ ನೋಡಿಕೊಂಡ ಚರ್ಮವೈದ್ಯ. ವೈದ್ಯನಿಗೆ ಬೇರೆ ಕೆಲಸ ಸಿಕ್ಕಿದೆ, ಹೋಗಬೇಕಾಗಿದೆ. ಹುಡುಗನಿಗೆ ಅದನ್ನು ಹೇಗೆ ಹೇಳುವುದು? ಇಷ್ಟೇ ಕಥೆ. ಫ್ರಾನ್ಸಿನಲ್ಲಿ ಈ ಮಕ್ಕಳನ್ನು ಚಂದ್ರನ ಮಕ್ಕಳು ಎಂದು ಕರೆಯುವ ರೂಢಿ. ಸಿನಿಮಾ ಆ ಸುಂದರ ಹೆಸರಿನಲ್ಲಿ ಕರಗಿಹೋಗದೆ, ವರ್ಷಗಟ್ಟಲೆ ನಡೆಯುವ ಆರೈಕೆಯಲ್ಲಿ ರೋಗಿಗೂ ವೈದ್ಯನಿಗೂ ಬೆಳೆಯುವ ಬಂಧವನ್ನು ತೋರಿಸುತ್ತದೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಒಬ್ಬ ಡಾಕ್ಟರನ್ನು ನಂಬಿ ಹೋಗುತ್ತಿದ್ದವರಿಗೆ ಅವರ ವರ್ಗಾವಣೆಯ ಸುದ್ದಿ ಹೇಗೆ ಕೇಳಿಸುತ್ತದೆಂದು ಬಲ್ಲವರು ಈ ಸಿನಿಮಾವನ್ನು ಅನುವಾದವಿಲ್ಲದೆಯೇ ಅರ್ಥ ಮಾಡಿಕೊಳ್ಳಬಲ್ಲರು.

ಇನ್ನೊಂದು, 2012ರ ಸಾಕ್ಷ್ಯಚಿತ್ರ ‘ಸನ್ ಕಿಸ್ಡ್’. ಮಾಯಾ ಸ್ಟಾರ್ಕ್ ಮತ್ತು ಅದಿ ಲಾವಿ ಮಾಡಿದ್ದು. ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರಲ್ಲಿ ಈ ಕಾಯಿಲೆ ಸುಮಾರು 30,000ಕ್ಕೆ ಒಬ್ಬರಿಗಿದೆ. ಹತ್ತು ಲಕ್ಷಕ್ಕೊಬ್ಬರಿಗೆ ಬರುವುದು ಇವರಿಗೇಕೆ ಇಷ್ಟು? ಎರಡು ಮಕ್ಕಳಿಗೂ ಎಕ್ಸ್‌ಪಿ ಇದ್ದ ಒಂದು ದಂಪತಿ ಈ ಪ್ರಶ್ನೆಯ ಬೆನ್ನು ಹತ್ತುತ್ತಾರೆ. ಹಿರಿಯರ ಕಟ್ಟಳೆ ಮೀರಿದ್ದಕ್ಕೆ ಬಂದ ಶಿಕ್ಷೆಯೇ ಇದು ಎಂಬ ಅಳುಕು ಅವರ ಸುತ್ತ ಇದೆ. ಹುಡುಕುತ್ತ ಹೋದಂತೆ ಅವರು ತಲುಪುವುದು 1864ಕ್ಕೆ. ಆ ವರ್ಷ ಅಮೆರಿಕದ ಸೈನ್ಯ ನವಾಹೊ ಜನರನ್ನು ಅವರ ನೆಲದಿಂದ ಕಿತ್ತು ನೂರಾರು ಮೈಲಿ ನಡೆಸಿಕೊಂಡು ಹೋಗಿ ಶಿಬಿರದಲ್ಲಿ ಕೂಡಿಹಾಕಿತು. ಸಾವಿರಾರು ಜನ ಸತ್ತರು. 1868ರಲ್ಲಿ ಉಳಿದವರು ಹಿಂದಿರುಗಿದರು. ಉಳಿದ ಕೆಲವೇ ಜನರಿಂದ ಸಮುದಾಯ ಮತ್ತೆ ಬೆಳೆದಾಗ, ಅವರಲ್ಲಿ ಯಾರಲ್ಲೋ ಅಡಗಿದ್ದ ಕೆಟ್ಟ ವಂಶವಾಹಿಯೂ ಬೆಳೆಯಿತು ಎಂಬುದು ಆ ಚಿತ್ರ ಮುಂದಿಡುವ ವಿವರಣೆ. ತಮ್ಮ ಪಾಪವೆಂದು ತಾಯಿ ತಂದೆ ಹೊತ್ತುಕೊಂಡಿದ್ದ ಭಾರ ಒಂದು ಸರ್ಕಾರದ ಕ್ರೌರ್ಯಕ್ಕೆ ಸೇರಿದ್ದಾಗಿರಬಹುದು. ಕಥೆ ಮಾಡಬೇಕಾದ ಕೆಲಸ ಇದು ಎಂದು ನಮಗನಿಸುತ್ತದೆ. ಭಾರವನ್ನು ಅದು ಸೇರಬೇಕಾದ ಹೆಗಲಿಗೆ ಸೇರಿಸುವುದು.

ಬ್ರೆಜಿಲ್ ದೇಶದ ಗೊಯಾಸ್ ರಾಜ್ಯದಲ್ಲಿ ಅರಾರಸ್ ಎಂಬ ಹಳ್ಳಿಯಿದೆ. ಕೆಲವೇ ನೂರು ಜನರಿರುವ ಆ ಹಳ್ಳಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಎಕ್ಸ್‌ಪಿ. ಅವರಿಗಿರುವುದು ನಿಧಾನವಾಗಿ ಮುಂದುವರಿಯುವ ಬಗೆ, ದೊಡ್ಡವರಾಗುವವರೆಗೆ ದುಡಿಯಬಲ್ಲರು. ಅವರು ರೈತರು, ಬಿಸಿಲಿನಲ್ಲೇ ದುಡಿದರು. ಕಾಯಿಲೆಯ ಹೆಸರು ತಿಳಿಯದೆಯೇ ತಲೆಮಾರುಗಳು ಕಳೆದವು, ಮುಖ ಕರಗಿದ ಮೇಲೂ ಹೊಲಕ್ಕೆ ಹೋದರು. ಅಲ್ಲಿ ರೈಲು ನಿಲ್ದಾಣದ ಗಿಟಾರಿಲ್ಲ. ಕೈಲಾಂಚಕ್ಕೆ ಹತ್ತಿರವಾದ ಊರು ಅದೇ. ಖಾಲಾ ಅವರ ಪ್ರಶ್ನೆಗೆ ಅಲ್ಲಿ ಉತ್ತರವಿದೆ: ಅಪ್ಪ ಹಗಲಲ್ಲೇ ಕೆಲಸಕ್ಕೆ ಹೋಗುತ್ತಾನೆ, ಬಿಸಿಲಿನಲ್ಲೇ ಹೋಗುತ್ತಾನೆ. ಕಾಯಿಲೆ ಇರುವವನೂ ಅವನೇ.

ಈಗ ನಮ್ಮಲ್ಲಿ ಚಾಲ್ತಿಯಲ್ಲಿರುವ ಕಥೆಗಳಿಗೆ ಬರೋಣ. ಇವು ಸಿನಿಮಾದ ಕಥೆಗಳಲ್ಲ, ಜಗಲಿಯ ಕಥೆಗಳು. ಗ್ರಹಣದ ದಿನ ಬಸುರಿ ಹೊರಗೆ ಬಂದದ್ದಕ್ಕೆ ಮಗು ಹೀಗಾಯಿತು ಎನ್ನುವುದು ಒಂದು. ಇದರಲ್ಲಿ ಹಿಂದೂ ಮನೆ, ಮುಸ್ಲಿಮ್ ಮನೆ ಎಂಬ ಭೇದವಿಲ್ಲ, ಬೈಗುಳ ತಿನ್ನುವವಳು ಎರಡೂ ಕಡೆ ತಾಯಿಯೇ. ತಖ್ದೀರ್ ಎನ್ನುವುದು ಇನ್ನೊಂದು. ಅಲ್ಲಾಹನ ಇಚ್ಛೆಯನ್ನು ನಾವೂ ನಂಬುತ್ತೇವೆ. ಆದರೆ ರೋಗಕ್ಕೆ ಚಿಕಿತ್ಸೆ ಹುಡುಕಿರೆಂದು ಪ್ರವಾದಿಯವರು ಹೇಳಿದ್ದನ್ನು ಮರೆತು, ಮಚ್ಚೆ ಬೆಳೆದು ಹುಣ್ಣಾಗುವವರೆಗೆ ಕಾದು ಕುಳಿತರೆ ಅದು ನಂಬಿಕೆಯಲ್ಲ, ಸೋಮಾರಿತನ.

ಮೂರನೆಯದು ಖಾಂದಾನಿನ ಕಥೆ. ಇದನ್ನು ಹೇಳಲು ನಮ್ಮವರಿಗೆ ಇಷ್ಟವಿಲ್ಲ, ಹೇಳಲು ಕಾದಿರುವ ಇತರರೂ ಇದ್ದಾರೆ. ಆದ್ದರಿಂದಲೇ ನಾವೇ ಹೇಳಬೇಕು. ಹತ್ತಿರದ ಸಂಬಂಧಿಕರು ಮದುವೆಯಾದಾಗ ಒಂದೇ ಅಜ್ಜ ಅಜ್ಜಿಯಿಂದ ಬಂದ ಕೆಟ್ಟ ವಂಶವಾಹಿ ಎರಡೂ ಕಡೆಯಿಂದ ಮಗುವನ್ನು ತಲುಪುವ ಸಾಧ್ಯತೆ ಹೆಚ್ಚು. ಎಕ್ಸ್‌ಪಿಯಂಥ ಅಪರೂಪದ ಕಾಯಿಲೆಗಳಲ್ಲಿ ಇದು ಎದ್ದು ಕಾಣುತ್ತದೆ. ಖಾಲಾ, ಫೂಫಿ, ಚಾಚಾನ ಮಕ್ಕಳ ನಡುವಿನ ಮದುವೆಗೆ ನಮ್ಮಲ್ಲಿ ಅನುಮತಿಯಿದೆ, ಆಜ್ಞೆಯಿಲ್ಲ. ಆಸ್ತಿ ಹೊರಗೆ ಹೋಗಬಾರದು, ಹುಡುಗಿ ಕಣ್ಣೆದುರಿಗಿರಬೇಕು ಎಂಬ ಲೆಕ್ಕಗಳನ್ನು ಧರ್ಮದ ತಲೆಗೆ ಕಟ್ಟುವುದು ಸರಿಯಲ್ಲ. ಮನೆಯಲ್ಲಿ ಈಗಾಗಲೇ ಇಂಥ ಮಗುವಿದ್ದರೆ ಅದೇ ಮನೆತನದಲ್ಲಿ ಮತ್ತೊಂದು ನಿಕಾಹ್ ಮಾತಾಡುವ ಮೊದಲು ವಂಶವಾಹಿ ತಜ್ಞರನ್ನು ಕೇಳಬೇಕು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಸಂಸ್ಥೆಗಳು ಹತ್ತಿರದಲ್ಲೇ ಇವೆ.

ಇನ್ನು ಇದನ್ನು ಮುಸ್ಲಿಮರ ಕಾಯಿಲೆಯೆಂದು ಬೆರಳು ತೋರಿಸುವವರಿಗೆ ಒಂದು ಮಾತು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹುಟ್ಟಿದ ಮಕ್ಕಳ ತಾಯಿ ತಂದೆಯರ ಬಗ್ಗೆ ವಿಜ್ಞಾನಿ ಎನ್. ಅಪ್ಪಾಜಿರಾವ್ ಮತ್ತು ಎ.ಎಚ್. ಬಿಟಲ್ಸ್ ಸಂಗಡಿಗರೊಂದಿಗೆ ದೊಡ್ಡ ಅಧ್ಯಯನ ನಡೆಸಿದರು. ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗಿನದು. ಹಿಂದೂಗಳಲ್ಲಿ ಹೆಚ್ಚು ಕಂಡದ್ದು ಸೋದರಮಾವ ಅಕ್ಕನ ಮಗಳನ್ನು ಮದುವೆಯಾಗುವ ಪದ್ಧತಿ. ನಮ್ಮಲ್ಲಿ ಅದು ನಿಷಿದ್ಧ. ಆ ಮದುವೆಯಿಂದ ಹುಟ್ಟುವ ಮಗುವಿನಲ್ಲಿ ಒಂದು ವಂಶವಾಹಿಯ ಎರಡೂ ಪ್ರತಿಗಳು ಒಂದೇ ಮೂಲದವಾಗಿರುವ ಸಾಧ್ಯತೆ ಎಂಟರಲ್ಲೊಂದು. ಅಣ್ಣತಮ್ಮ ಅಕ್ಕತಂಗಿಯರ ಮಕ್ಕಳ ನಡುವಿನ ಮದುವೆಯಲ್ಲಿ ಹದಿನಾರರಲ್ಲೊಂದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಸುಮಾರು ನಾಲ್ಕರಲ್ಲೊಂದು ಮದುವೆ ನೆಂಟಸ್ತಿಕೆಯೊಳಗಿನದೇ. ಈ ವಿಷಯದಲ್ಲಿ ಕನ್ನಡ ನಾಡು ಒಂದೇ ಚಾಪೆಯ ಮೇಲೆ ಕುಳಿತಿದೆ. ಜೊತೆಗೆ ಇನ್ನೊಂದು ಸತ್ಯವನ್ನೂ ಹೇಳಬೇಕು: ಸಂಬಂಧದೊಳಗೆ ಮದುವೆಯಾದ ಬಹುಪಾಲು ದಂಪತಿಗಳ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಹೆದರಿಸುವುದೂ ಸುಳ್ಳು, ಮುಚ್ಚಿಡುವುದೂ ಸುಳ್ಳು.

ಬರಹಗಾರರಾಗಿ ನಮಗೆ ಇನ್ನೊಂದು ತೊಡಕಿದೆ. ಅದು ಭಾಷೆಯದು. ನಾವು ಉರ್ದುವಿನಲ್ಲಿ ಅಕ್ಷರ ಕಲಿತು ಕನ್ನಡದಲ್ಲಿ ಬರೆಯುವವರು. ಉರ್ದು ಗಜಲಿನಲ್ಲಿ ರಾತ್ರಿಯೆಂದರೆ ವಿರಹ, ಸಹರ್ ಎಂದರೆ ಬಿಡುಗಡೆ. ಕನ್ನಡದಲ್ಲಿ ಒಂದು ಇಡೀ ಸಾಹಿತ್ಯ ಯುಗಕ್ಕೆ ಸೂರ್ಯೋದಯದ ನೆನಪಿರುವ ನವೋದಯ ಎಂಬ ಹೆಸರಿದೆ. ಅಜ್ಞಾನ ಕತ್ತಲೆ, ಅರಿವು ಬೆಳಕು. ಬಿಸಿಲಿಗೆ ಅಂಜುವ ಮಗು ಶಾಲೆಗೆ ಬಂದು ಈ ಪಾಠಗಳನ್ನು ಓದುವಾಗ ಏನೆಂದುಕೊಳ್ಳಬೇಕು? ಸಿನಿಮಾಗಳು ಈ ರೂಪಕವನ್ನು ಮಗುಚಿ ಹಾಕಿ ರಾತ್ರಿಯನ್ನು ಪ್ರೇಮದ ಹೊತ್ತಾಗಿಸಿದವು. ಆದರೆ ಮಗುಚಿದ ರೂಪಕವೂ ರೂಪಕವೇ. ರೋಗವನ್ನು ರೂಪಕವಾಗಿಸುವುದರಿಂದ ರೋಗಿಗೆ ಅನ್ಯಾಯವಾಗುತ್ತದೆಂದು ಸೂಸನ್ ಸೊಂಟಾಗ್ 1978ರಲ್ಲೇ ವಾದಿಸಿದ್ದರು. ಅವರು ಸ್ವತಃ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು. ನಮ್ಮಲ್ಲಿ ‘ಸಂಸ್ಕಾರ’ದಂಥ ದೊಡ್ಡ ಕಾದಂಬರಿಯಲ್ಲೂ ಪ್ಲೇಗು ಅಗ್ರಹಾರದ ಕೊಳೆತದ ಗುರುತಾಗಿಯೇ ಹೆಚ್ಚು ನೆನಪಿನಲ್ಲುಳಿಯುತ್ತದೆ. ಇನ್ನೊಂದು ದಾರಿಯನ್ನು ತೋರಿದವರು ತೇಜಸ್ವಿ. ‘ಕರ್ವಾಲೊ’ದಲ್ಲಿ ವಿಜ್ಞಾನ ಹಳ್ಳಿಯ ಮನೆಯೊಳಗೆ, ಕಾಡಿನೊಳಗೆ ನಡೆಯುತ್ತದೆ. ಮಂದಣ್ಣನ ಜೇನುಪೆಟ್ಟಿಗೆಯೂ ವಿಜ್ಞಾನಿಯ ಕುತೂಹಲವೂ ಒಂದೇ ಕಥೆಗೆ ಸೇರುತ್ತವೆ. ನಮಗೆ ಬೇಕಿರುವುದು ಅಂಥ ಕಣ್ಣು.

ಕುರ್‌ಆನಿನಲ್ಲಿ ಅಶ್ಶಮ್ಸ್, ಅಂದರೆ ಸೂರ್ಯ, ಎಂಬ ಅಧ್ಯಾಯವಿದೆ. ಅದರ ಮರುಅಧ್ಯಾಯವೇ ಅಲ್ಲೈಲ್, ರಾತ್ರಿ. ಎರಡೂ ಅವನ ಸೃಷ್ಟಿ. ಒಂದು ಒಳ್ಳೆಯದು ಇನ್ನೊಂದು ಕೆಟ್ಟದ್ದು ಎಂಬ ಹಂಚಿಕೆ ನಮ್ಮದು.

ಈ ರಿಪೇರಿ ಕೆಲಸ ಹೇಗೆ ನಡೆಯುತ್ತದೆಂದು ಬಿಡಿಸಿ ತೋರಿಸಿ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಮೂವರಲ್ಲೊಬ್ಬರು ಅಜೀಜ್ ಸಂಜಾರ್. ತುರ್ಕಿಯ ಮಾರ್ದಿನ್ ಪ್ರಾಂತದ ಸವೂರ್ ಎಂಬ ಸಣ್ಣ ಊರಿನವರು. ಓದಲು ಬರೆಯಲು ಬಾರದ ತಾಯಿ ತಂದೆಗೆ ಎಂಟು ಮಕ್ಕಳು, ಇವರು ಏಳನೆಯವರು. ವೈದ್ಯರಾದ ಮೇಲೆ ಊರಿನ ಬಳಿಯೇ ಹಳ್ಳಿಗರಿಗೆ ಮದ್ದು ಕೊಡುತ್ತಿದ್ದರು, ಆಮೇಲೆ ಅಮೆರಿಕಕ್ಕೆ ಹೋಗಿ ಸಂಶೋಧಕರಾದರು. ನಮ್ಮ ಹುಡುಗರಿಗೆ ಇವರ ಹೆಸರು ಗೊತ್ತಿಲ್ಲ. ಹಳೆಯ ಕಾಲದ ಇಬ್ನ್ ಸೀನಾನ ಹೆಸರನ್ನು ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವ ನಾವು, ನಮ್ಮ ಕಾಲದ ಸಂಜಾರರ ಕೆಲಸವನ್ನು ಕನ್ನಡದಲ್ಲಿ ಹತ್ತು ಸಾಲು ಬರೆಯುವ ಶ್ರಮ ತೆಗೆದುಕೊಂಡಿಲ್ಲ.

ಈ ಕಾಯಿಲೆಯನ್ನು ಬೇರಿನಿಂದ ಗುಣಪಡಿಸುವ ಮದ್ದು ಇಲ್ಲ. ಕಾಪಾಡುವ ದಾರಿಗಳಿವೆ. ಒತ್ತಾಗಿ ನೇಯ್ದ ಬಟ್ಟೆ, ಉದ್ದ ತೋಳು, ಅಗಲ ಅಂಚಿನ ಟೋಪಿ, ಮುಖಕ್ಕೆ ಪರದೆ, ಕಪ್ಪು ಕನ್ನಡಕ, ಮೈಗೆ ಹಚ್ಚುವ ಲೇಪ. ಕಿಟಕಿಯ ಬರಿಯ ಗಾಜು ಸಾಲದು, ಕೆಲವು ಕಿರಣಗಳು ಗಾಜಿನ ಮೂಲಕವೂ ಬರುತ್ತವೆ. ಮೋಡ ಕವಿದ ದಿನವೂ ಎಚ್ಚರ ಬೇಕು. ಬೀಡಿ ಸಿಗರೇಟಿನ ಹೊಗೆಯೂ ಡಿಎನ್ಎಯನ್ನು ಕೆಡಿಸುವುದರಿಂದ ಅದು ಮಗುವಿಗೆ ವಿಷವೇ. ಬಿಸಿಲಿಲ್ಲದ ಮೈಗೆ ಡಿ ಜೀವಸತ್ವವನ್ನು ಔಷಧಿಯಾಗಿ ಕೊಡಬೇಕು. ಹೊಸ ಮಚ್ಚೆ, ಗಂಟು ಕಂಡರೆ ಕೂಡಲೇ ತೋರಿಸಿ ತೆಗೆಸಬೇಕು. ಇಷ್ಟನ್ನು ತಪ್ಪದೆ ಮಾಡಿದ ಮನೆಗಳಲ್ಲಿ ಕ್ಯಾನ್ಸರ್ ದೂರ ಸರಿಯುತ್ತದೆ, ಆಯುಸ್ಸು ಬೆಳೆಯುತ್ತದೆ.

ಆದರೆ ಇಷ್ಟೂ ಬಟ್ಟೆ ತೊಟ್ಟ ಮಗು ಶಾಲೆಯ ಗೇಟಿಗೆ ಬಂದಾಗ ಏನಾಗುತ್ತದೆ? 2022ರಲ್ಲಿ ನಮ್ಮ ರಾಜ್ಯದ ಶಾಲಾ ಕಾಲೇಜುಗಳ ಗೇಟಿನಲ್ಲಿ ತಲೆಯ ಮೇಲಿನ ಒಂದು ಬಟ್ಟೆ ಎಷ್ಟು ದೊಡ್ಡ ಜಗಳವಾಯಿತೆಂದು ನೋಡಿದ್ದೇವೆ. ಮುಖದ ಪರದೆ ಔಷಧಿಯಾಗಿರುವ ಒಬ್ಬ ಹುಡುಗಿ, ಅವಳ ಹೆಸರು ಫಾತಿಮಾ ಆಗಲಿ ಪಾರ್ವತಿ ಆಗಲಿ, ಆ ಗೇಟಿನಲ್ಲಿ ಎಷ್ಟು ಕಾಗದ ತೋರಿಸಬೇಕಾದೀತು? ಇನ್ನು ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಎಕ್ಸ್‌ಪಿಯ ಹೆಸರು ಅದರಲ್ಲಿಲ್ಲ. ಕಣ್ಣು ಹೋದ ಮೇಲೆ ಕುರುಡರ ಪಟ್ಟಿಯಲ್ಲಿ, ಕಾಲು ಹೋದ ಮೇಲೆ ಕುಂಟರ ಪಟ್ಟಿಯಲ್ಲಿ ಜಾಗ ಸಿಗಬಹುದು. ಕಣ್ಣು ಕಾಲು ಉಳಿಸಿಕೊಳ್ಳಲು ಸಹಾಯ ಬೇಕಾದ ವಯಸ್ಸಿನಲ್ಲಿ ಮಗುವಿಗೆ ಯಾವ ಪಟ್ಟಿಯೂ ಇಲ್ಲ. ಸಿನಿಮಾದವರಿಗೆ ಇಲ್ಲೊಂದು ಕಥೆ ಕಾಣಲಿಲ್ಲ. ಕನ್ನಡದ ಕಥೆಗಾರರಿಗಾದರೂ ಕಾಣಬೇಕು.

ಈಗ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಾವೂ ಈ ಕಾಯಿಲೆಯ ಮೇಲೊಂದು ಕಥೆ ಬರೆದಿದ್ದೆವು. ಹುಡುಗನೊಬ್ಬ ಎಂದೂ ಈದ್ ನಮಾಜಿಗೆ ಹೋದವನಲ್ಲ. ಈದ್‌ಗಾ ಎಂದರೆ ಬಯಲು, ತಲೆಯ ಮೇಲೆ ಬಿಸಿಲು. ಒಂದು ಈದಿನ ಬೆಳಿಗ್ಗೆ ಅವನು ಹೊಸ ಬಟ್ಟೆ ತೊಟ್ಟು ಯಾರಿಗೂ ಹೇಳದೆ ಹೋಗಿ ಸಾಲಿನಲ್ಲಿ ನಿಲ್ಲುತ್ತಾನೆ, ಸಜ್ದಾದಲ್ಲೇ ಪ್ರಾಣ ಬಿಡುತ್ತಾನೆ. ಬರೆದು ಮುಗಿಸಿದ ರಾತ್ರಿ ನಮಗೆ ನಾವೇ ಮೆಚ್ಚಿಕೊಂಡಿದ್ದೆವು. ಪುಣ್ಯಕ್ಕೆ ಅದು ಎಲ್ಲೂ ಅಚ್ಚಾಗಲಿಲ್ಲ. ಹಾಲಿವುಡ್ಡನ್ನು ಇಷ್ಟು ಹೊತ್ತು ಬೈದದ್ದೆಲ್ಲ ಆ ಕಥೆಗೂ ಸಲ್ಲುತ್ತದೆ. ಹುಡುಗನ ಮುಖದಲ್ಲಿ ಮಚ್ಚೆಯಿರಲಿಲ್ಲ. ಅವನ ಅಪ್ಪ ಏನು ಕೆಲಸ ಮಾಡುತ್ತಿದ್ದನೆಂದು ನಾವೂ ಬರೆದಿರಲಿಲ್ಲ.

ಕೈಲಾಂಚದಿಂದ ಬಂದ ಮೇಲೆ ಆ ಹಸ್ತಪ್ರತಿಯನ್ನು ಹೊರತೆಗೆದು ನೋಡಿದೆವು. ಹುಳು ಮನೆಯ ನೆನಪಾಯಿತು. ಅಲ್ಲಿ ನೇರ ಬಿಸಿಲು ಬೀಳಬಾರದೆಂದು ಗೋಣಿತಾಟು ಕಟ್ಟುತ್ತಾರೆ, ಕಿಟಕಿಗೆ ನೆರಳು ಮಾಡುತ್ತಾರೆ, ಸೊಪ್ಪನ್ನು ತಂಪು ಹೊತ್ತಿನಲ್ಲಿ ಕೊಯ್ಯುತ್ತಾರೆ, ರಾತ್ರಿ ಎದ್ದು ನೋಡುತ್ತಾರೆ. ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗೆ ನಮ್ಮ ರೈತರು ಚಂದ್ರಿಕೆ ಎಂದು ಹೆಸರಿಟ್ಟಿದ್ದಾರೆ, ಬೆಳದಿಂಗಳು. ಅದು ಅವರಿಗೆ ಕಾವ್ಯವಲ್ಲ, ದಿನದ ಕೆಲಸ. ಬಿಸಿಲು ತಾಳದ ಒಂದು ಜೀವವನ್ನು ಕಾಪಾಡಲು ಏನೇನು ಬೇಕೆಂದು ಆ ಮನೆಯವರಿಗೆ ಯಾರೂ ಕಲಿಸಬೇಕಿಲ್ಲ.

ಕಥೆಯನ್ನು ಮತ್ತೆ ಬರೆಯಲು ಕುಳಿತಿದ್ದೇವೆ. ಹುಡುಗ ಈ ಸಲ ಸಾಯುವುದಿಲ್ಲ. ಅವನ ಅಪ್ಪ ರೀಲಿಂಗ್ ಘಟಕದಲ್ಲಿ ಕೂಲಿ, ಬೆಳಿಗ್ಗೆ ಹೋದರೆ ಸಂಜೆ ಬರುತ್ತಾನೆ. ಹುಡುಗನನ್ನು ಕಾಯುವವಳು ಅಜ್ಜಿ. ಈದಿಗೆ ಹದಿನೈದು ದಿನ ಮೊದಲೇ ಅಪ್ಪ ಮಸೀದಿಯ ಕಮಿಟಿಯವರ ಮುಂದೆ ಹೋಗಿ ನಿಲ್ಲುತ್ತಾನೆ. ಈದ್‌ಗಾದಲ್ಲಿ ನಡೆಯುವ ನಮಾಜಿನ ಜೊತೆಗೆ ಮಸೀದಿಯೊಳಗೂ ಒಂದು ಜಮಾಅತ್ ನಡೆಸಬಹುದೇ, ಪೂರ್ವದ ಕಿಟಕಿಗೆ ಅಷ್ಟು ಹೊತ್ತು ಒಂದು ದಪ್ಪ ಪರದೆ ಕಟ್ಟಬಹುದೇ ಎಂದು ಕೇಳುತ್ತಾನೆ. ಕಮಿಟಿಯವರು ಏನು ಹೇಳಿದರೆಂಬಲ್ಲಿಗೆ ಬಂದು ಲೇಖನಿ ನಿಂತಿದೆ. ಅದನ್ನು ನಾವೊಬ್ಬರೇ ಬರೆಯಲಾರೆವು. ನಮ್ಮ ನಿಮ್ಮ ಊರಿನ ಕಮಿಟಿಗಳು, ಶಾಲೆಗಳು, ನೆರೆಹೊರೆಯವರು ಏನು ಹೇಳುತ್ತಾರೋ ಅದೇ ಆ ಕಥೆಯ ಮುಂದಿನ ಸಾಲು.